ಹುಡ್ ಮೇಷ್ಟ್ರು ಬರೆದ ನಲವತ್ತೊಂದು ಚೀಟಿ

ಬಿದ್ದು ಒಡೆದದ್ದು ಬೇರೆ, ಹೊಡೆತಕ್ಕೆ ಒಡೆದದ್ದು ಬೇರೆ. ಇದನ್ನು ತಿಳಿಯಲು ಯಾವ ಕಾಲೇಜಿಗೂ ಹೋಗಬೇಕಿಲ್ಲ. ಕೈಜಾರಿದ ಲೋಟದ ಚೂರನ್ನೂ ಗೋಡೆಗೆ ಎಸೆದ ಲೋಟದ ಚೂರನ್ನೂ ಗುಡಿಸಿ ಎತ್ತಿದ ಯಾವ ಹೆಂಗಸನ್ನು ಕೇಳಿದರೂ ವ್ಯತ್ಯಾಸ ಹೇಳುತ್ತಾಳೆ. ಆದರೂ ಕಚೇರಿಗಳಲ್ಲಿ, ಠಾಣೆಗಳಲ್ಲಿ, ಆಸ್ಪತ್ರೆಯ ಕಿಟಕಿಗಳ ಹಿಂದೆ ಎರಡಕ್ಕೂ ಒಂದೇ ಪದ ಬರೆಯುತ್ತಾರೆ: ಆಕಸ್ಮಿಕ. ಆ ಪದವನ್ನು ಮೂವತ್ತೊಂದು ವರ್ಷ, ದಿನಕ್ಕೆ ಐದಾರು ಸಲ, ದುಂಡಗಿನ ಅಕ್ಷರದಲ್ಲಿ ಬರೆದವರೊಬ್ಬರ ಕಥೆ ಇದು. ಒಳ್ಳೆಯ ಮನುಷ್ಯ. ತೊಂದರೆ ಇರುವುದೇ ಅಲ್ಲಿ.

ಅವರು ಕ್ಯಾಮೆರಾ ಲೆನ್ಸ್ ರಿಪೇರಿ ಮಾಡುತ್ತಿದ್ದರು. ಅಂಗಡಿ ಹೆಂಡತಿಯ ಅಣ್ಣನದು. ಹಳೆಯ ಕಟ್ಟಡವೊಂದರ ನೆಲಮಾಳಿಗೆ, ಇಳಿಯಲು ಹದಿಮೂರು ಮೆಟ್ಟಿಲು, ಒಂದೇ ಒಂದು ಕಿಟಕಿ ಇಲ್ಲ. ದೂಳು ನುಗ್ಗದಂತೆ ಬಾಗಿಲಿನ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ಬಿದ್ದ ಸ್ಕ್ರೂ ಕಾಣಬೇಕಲ್ಲ. ಪಕ್ಕದಲ್ಲಿ ಮೊಟ್ಟೆಯ ಟ್ರೇ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಅದರ ಗುಳಿಗಳಿಗೆ ಹಾಕುತ್ತಾ ಹೋಗುವುದು, ಹಾಕಿದ ಸಾಲಿನಲ್ಲೇ ಹಿಂದೆ ಬರುವುದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುತ್ತಾ ಕಲಿತ ಕೈ ಅದು. ಕೂದಲೆಳೆಯಷ್ಟು ಗೀರು ಇದ್ದರೂ ಉಗುರಿನ ತುದಿಗೆ ಗೊತ್ತಾಗುತ್ತಿತ್ತು.

ಶಾಲೆ ಬಿಟ್ಟವರಿಗೆ ಮೇಷ್ಟ್ರು ಎಂಬ ಹೆಸರು ಅಂಟಿದ್ದು ಅವರ ಪಾಠದಿಂದ. ಲೆನ್ಸಿನ ಮೂತಿಗೆ ಸಿಕ್ಕಿಸುವ ಕಪ್ಪು ಪ್ಲಾಸ್ಟಿಕ್ಕಿನ ಹುಡ್ ಇದೆಯಲ್ಲ, ಹೂವಿನ ಎಸಳಿನ ಹಾಗೆ ಅಂಚು ಕತ್ತರಿಸಿದ್ದು, ಅದು ಬಿಸಿಲಿಗೆ ಅಡ್ಡ ಹಿಡಿಯಲು ಇರುವುದೆಂದು ಕೊಂಡವರೆಲ್ಲ ತಿಳಿದಿರುತ್ತಾರೆ. ಮೇಷ್ಟ್ರ ಲೆಕ್ಕದಲ್ಲಿ ಅದು ಗಾಜಿನ ಹೆಲ್ಮೆಟ್. ಮೆಟ್ಟಿಲಿಳಿದು ಬಂದ ಪ್ರತಿಯೊಬ್ಬರಿಗೂ ಮೊದಲ ಪ್ರಶ್ನೆ ಅದೇ.

"ಹುಡ್ ಎಲ್ಲಿ?"

"ಮನೇಲಿದೆ ಮೇಷ್ಟ್ರೇ."

"ಅಲ್ಲಿ ಯಾರಿಗೆ ಕಾವಲು? ಬೀರುವಿಗಾ?"

ಜಾಗ ಉಳಿಯಲಿ ಎಂದು ಹುಡ್ಡನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡು ಹಾಗೇ ಫೋಟೊ ತೆಗೆಯುವವರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಮಳೆ ಬರುವಾಗ ಕೊಡೆನ ಬೆನ್ನಿಗೆ ಕಟ್ಕೊಂಡು ಓಡಾಡ್ತೀರಾ? ಇದೂ ಹಾಗೇ," ಎನ್ನುತ್ತಿದ್ದರು. ಹುಡ್ ಒಡೆದು ಲೆನ್ಸ್ ಉಳಿದ ಗಿರಾಕಿ ಬಂದರೆ ಮಾತ್ರ ಮುಖ ಅರಳುತ್ತಿತ್ತು. ಒಡೆದ ಹುಡ್ಡನ್ನು ಬಿಸಾಕದೆ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಇದ್ದವು. ಯಾವುದನ್ನೇ ಎತ್ತಿ ಕೊಡಿ, ತಿರುಗಿಸಿ ನೋಡಿ ಹೇಳುತ್ತಿದ್ದರು: ಇದು ಕುರ್ಚಿಯಿಂದ ಬಿದ್ದದ್ದು, ಇದು ಕಾರಿನ ಬಾಗಿಲಿಗೆ ಸಿಕ್ಕಿದ್ದು, ಇದರ ಮೇಲೆ ಯಾರೋ ಕೂತಿದ್ದಾರೆ.

ಹೀಗೆ ಎಲ್ಲವನ್ನೂ ಬಲ್ಲವರು ಚೀಟಿಯಲ್ಲಿ ಮಾತ್ರ ಒಂದೇ ಪದ ಬರೆಯುತ್ತಿದ್ದರು.

ಅಂಗಡಿಯ ಪದ್ಧತಿ ಅದು. ಕ್ಯಾಮೆರಾ ಕೈಗೆ ಬಂದ ಕೂಡಲೇ, ಚೀಲದ ಜಿಪ್ ಎಳೆಯುವ ಮುಂಚೆಯೇ, ರಿಪೇರಿ ಚೀಟಿ ಬರೆದು ಒಂದು ಪ್ರತಿ ಗಿರಾಕಿಗೆ ಕೊಡಬೇಕು. ಅದರಲ್ಲಿ "ಕಾರಣ" ಎಂಬ ಕಾಲಂ. ಕಾರಣದ ಮುಂದೆ "ಆಕಸ್ಮಿಕ, ಕೈಜಾರಿ ಬಿದ್ದದ್ದು". ಆಕಸ್ಮಿಕವಾದರಷ್ಟೇ ವಿಮೆಯವರು ಒಪ್ಪುತ್ತಾರೆ ಎಂದು ಹೆಂಡತಿಯ ಅಣ್ಣ, ಅಂದರೆ ಭಾವ, ಮೊದಲ ದಿನವೇ ಹೇಳಿಕೊಟ್ಟಿದ್ದರು. ಮೇಷ್ಟ್ರಿಗೂ ಅದು ತಪ್ಪೆನಿಸಿರಲಿಲ್ಲ. ಜಗಳದಲ್ಲಿ ಗಂಡ ಗೋಡೆಗೆ ಎಸೆದ ಕ್ಯಾಮೆರಾವನ್ನು ಹಿಡಿದು ಬಂದ ಹೆಂಗಸಿನ ಎದುರು "ಎಸೆದದ್ದು" ಎಂದು ಬರೆದು ಅವಳ ಮಾನ ತೆಗೆಯಬೇಕೇ? ನಾಲ್ಕಕ್ಷರ ತಾನೆ. ಬರೆದರೆ ಯಾರ ಗಂಟು ಹೋಗುತ್ತದೆ?

ಯಾರ ಗಂಟು ಹೋಗುತ್ತದೆ ಎಂದು ಗೊತ್ತಾಗಲು ಮೂವತ್ತೊಂದು ವರ್ಷ ಹಿಡಿಯಿತು.

ಪುಟ್ಟ ಪತ್ರಿಕೆಯೊಂದರ ಮ್ಯಾನೇಜರ್ ಒಂದು ಮಧ್ಯಾಹ್ನ ಚೀಲ ತಂದು ಮೇಜಿನ ಮೇಲಿಟ್ಟರು. ಅವರ ಪತ್ರಿಕೆಗೆ ಫೋಟೊ ತೆಗೆಯುವ ಹುಡುಗಿ ಎರಡು ದಿನದ ಹಿಂದೆ ಮೆಟ್ಟಿಲಲ್ಲಿ ಮುಗ್ಗರಿಸಿದಳಂತೆ. ಆಸ್ಪತ್ರೆಯಲ್ಲಿದ್ದಾಳೆ, ಕಣ್ಣಿಗೆ ಪೆಟ್ಟು. ಆ ಹುಡುಗಿ ಅವರಿಗೆ ಗೊತ್ತು. ಅವರ ಪಾಠವನ್ನು ನಗದೆ ಕೇಳಿದ ಒಬ್ಬಳೇ ಗಿರಾಕಿ. ಅವಳ ಲೆನ್ಸಿಗೆ ಸರಿಹೊಂದುವ ಹುಡ್ಡನ್ನು ತಾವೇ ಹುಡುಕಿ ಕೊಟ್ಟಿದ್ದರು. "ಇದನ್ನ ಬಿಚ್ಚಿದ್ರೆ ನಿಮ್ಮಾಣೆ ಮೇಷ್ಟ್ರೇ," ಎಂದಿದ್ದಳು.

"ಹೇಗಿದ್ದಾಳೆ ಈಗ?" ಎಂದು ಕೇಳುತ್ತಲೇ ಅವರ ಕೈ ಚೀಟಿ ಬರೆಯಿತು. ದಿನಾಂಕ, ಮಾಡೆಲ್, ಕಾರಣ. ಆಕಸ್ಮಿಕ, ಕೈಜಾರಿ ಬಿದ್ದದ್ದು. ಮ್ಯಾನೇಜರ್ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದರು.

ನಾಲ್ಕನೇ ದಿನ ಆ ಚೀಲದ ಸರದಿ ಬಂತು. ಮೇಷ್ಟ್ರು ದೀಪ ಹತ್ತಿರಕ್ಕೆ ಎಳೆದು ಕೂತರು. ಮುಂಗಾಜಿಗೆ ಒಂದು ಗೀರೂ ಇರಲಿಲ್ಲ. ಹುಡ್ ಅದನ್ನು ಕಾಪಾಡಿತ್ತು. ಅಭ್ಯಾಸದಂತೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕ್ಯಾಮೆರಾ ಬಿದ್ದರೆ ನೆಲ ಹುಡ್ಡಿನ ಎಸಳನ್ನು ಒಳಕ್ಕೆ ಮಡಚುತ್ತದೆ. ಇಲ್ಲಿ ಎರಡು ಎಸಳು ಹೊರಕ್ಕೆ ಸೀಳಿಕೊಂಡಿದ್ದವು. ಒಳಗೋಡೆಯ ಮೇಲೆ ಕಂದು ವಾರ್ನಿಷಿನ ಗೆರೆ, ಗೆರೆಯ ಕೊನೆಗೆ ಅರ್ಧಚಂದ್ರದಂಥ ಕುಳಿ. ಯಾವುದೋ ದುಂಡನೆಯ ಮರದ ತುದಿ ಓರೆಯಾಗಿ ಹುಡ್ಡಿನೊಳಕ್ಕೆ ನುಗ್ಗಿ, ಗಾಜು ಒಂದು ಬೆರಳಿನಷ್ಟು ದೂರವಿದ್ದಾಗ ಗೋಡೆಗೆ ಕಚ್ಚಿಕೊಂಡು ನಿಂತಿತ್ತು. ನೆಲ ಹುಡ್ಡಿನ ಒಳಗೆ ಹೋಗುವುದಿಲ್ಲ. ಮೆಟ್ಟಿಲಿಗೆ ವಾರ್ನಿಷ್ ಹಚ್ಚಿರುವುದಿಲ್ಲ. ಕ್ಯಾಮೆರಾ ತಿರುಗಿಸಿದರು. ಕಣ್ಣಿಟ್ಟು ನೋಡುವ ಕಿಂಡಿಯ ರಬ್ಬರ್ ಹರಿದಿತ್ತು, ಅದರ ಸಂದಿಯಲ್ಲಿ ಒಣಗಿದ ರಕ್ತ.

ಕ್ಯಾಮೆರಾ ಅವಳ ಕಣ್ಣಿಗೆ ಒತ್ತಿಕೊಂಡಿದ್ದಾಗಲೇ ಯಾರೋ ಎದುರಿನಿಂದ ದೊಣ್ಣೆಯಲ್ಲಿ ತಿವಿದಿದ್ದರು.

ಮೇಷ್ಟ್ರಿಗೆ ಇದು ಗೊತ್ತಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಮುಂದೆ ಅವರು ಮಾಡಿದ್ದನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡುವುದರಲ್ಲಿ ಅರ್ಥವಿಲ್ಲ. ರಕ್ತ ಒರೆಸಿದರು. ಹೊಸ ರಬ್ಬರ್ ಹಾಕಿದರು. ಹಿಂಬದಿಯ ಬಾಗಿದ ತಗಡು ತೆಗೆದು ಬೇರೆಯದನ್ನು ಕೂರಿಸಿದರು. ಒಡೆದ ಹುಡ್ಡನ್ನು ಪೆಟ್ಟಿಗೆಗೆ ಹಾಕಿದರು. ಚೀಟಿ ಆಗಲೇ ಹೋಗಿಯಾಗಿತ್ತು. ಬರೆದದ್ದನ್ನು ತಿದ್ದುವ ಪದ್ಧತಿ ಅಂಗಡಿಯಲ್ಲಿರಲಿಲ್ಲ.

ಹನ್ನೊಂದನೇ ದಿನ ಅವಳೇ ಬಂದಳು. ಒಂದು ಕೈ ಗೋಡೆಯ ಮೇಲಿಟ್ಟುಕೊಂಡು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡಿ ಇಳಿದಳು. ಬಲಗಣ್ಣಿನ ಮೇಲೆ ಬಿಳಿ ಪಟ್ಟಿ.

"ಮೇಷ್ಟ್ರೇ, ಹುಡ್ ಬಿಚ್ಚಿರ್ಲಿಲ್ಲ ನಾನು," ಎಂದಳು ಮೊದಲ ಮಾತಿಗೆ.

"ಗೊತ್ತಮ್ಮ. ಕೂತ್ಕೋ."

"ಕಣ್ಣು ಹೋಯ್ತು. ಡಾಕ್ಟ್ರು ಆಸೆ ಬಿಡಿ ಅಂದ್ರು." ಹವಾಮಾನ ಹೇಳುವಂತೆ ಹೇಳಿದಳು. "ಮಾರ್ಕೆಟ್ ಹತ್ರ ಗುಡಿಸಲು ಒಡೀತಿದ್ರಲ್ಲ, ಅಲ್ಲಿದ್ದೆ. ಒಬ್ಬ ಮುದುಕೀನ ಎಳೀತಿದ್ರು. ಇನ್‌ಸ್ಪೆಕ್ಟರು ಕ್ಯಾಮೆರಾ ಇಳಿಸು ಅಂದ. ಇಳಿಸ್ಲಿಲ್ಲ. ಅಷ್ಟೇ. ಆಮೇಲೆ ನೋಡಿದ್ರೆ ನಾನು ಮೆಟ್ಲಲ್ಲಿ ಮುಗ್ಗರಿಸಿದ್ನಂತೆ. ವಿಚಾರಣೆ ಇಟ್ಟಿದಾರೆ. ನನ್ನ ಮಾತಿಗೆ ಸಾಕ್ಷಿ ಇಲ್ಲ, ಅವನ ಮಾತಿಗೆ ಕಾಗದ ಇದೆ."

"ಏನು ಕಾಗದ?"

ಅವಳು ಚೀಲದಿಂದ ಜೆರಾಕ್ಸ್ ತೆಗೆದು ಮೇಜಿನ ಬಿಳಿ ಬಟ್ಟೆಯ ಮೇಲಿಟ್ಟಳು. ಮೇಷ್ಟ್ರ ಅಕ್ಷರ. ಪತ್ರಿಕೆಯ ಮ್ಯಾನೇಜರ್ ಅದನ್ನು ನೆಟ್ಟಗೆ ಠಾಣೆಗೆ ಕೊಟ್ಟಿದ್ದರು, ಪತ್ರಿಕೆಗೆ ಠಾಣೆಯ ಕೃಪೆ ಬೇಕಿತ್ತು.

"ನಿಮ್ಮನ್ನ ಬಯ್ಯೋಕೆ ಬಂದಿಲ್ಲ," ಎಂದಳು. "ಒಂದೇ ಒಂದು ಕೇಳ್ತೀನಿ. ಬಿಚ್ಚಿ ನೋಡಿ ಬರೆದ್ರಾ, ನೋಡ್ದೆ ಬರೆದ್ರಾ?"

ಮೇಷ್ಟ್ರು ಮೇಜಿನ ಕೆಳಗೆ ಬಗ್ಗಿ, ಪೆಟ್ಟಿಗೆ ಎಳೆದು, ಇನ್ನೂರರ ನಡುವಿನಿಂದ ಅವಳ ಹುಡ್ಡನ್ನು ಒಂದೇ ಸಲಕ್ಕೆ ಎತ್ತಿದರು.

"ನೋಡ್ದೆ ಬರೆದೆ," ಎಂದರು. "ಆಮೇಲೆ ನೋಡಿದೆ. ನೋಡಿ ಸುಮ್ನಾದೆ."

ಅವಳು ಹುಡ್ಡಿನ ಸೀಳನ್ನು ಬೆರಳಲ್ಲಿ ಸವರಿದಳು. "ಸುಮ್ನಾಗಿದ್ದನ್ನೂ ಬಂದು ಹೇಳ್ತೀರಾ?"

ಹೇಳುತ್ತೇನೆ ಎಂದರು. ಹೇಳುವುದು ಅಷ್ಟು ಸುಲಭವಿರಲಿಲ್ಲ. ಸಂಜೆ ಭಾವ ಮನೆಗೇ ಬಂದರು. ಅಷ್ಟರಲ್ಲಿ ಯಾರೋ ಅವರಿಗೆ ಫೋನ್ ಮಾಡಿದ್ದರು.

"ಏನಪ್ಪಾ, ಸಾಕ್ಷಿ ಹೇಳೋಕೆ ಹೊರಟಿದೀಯಂತೆ?"

"ನಾನು ಬರೆದಿದ್ದು ಸುಳ್ಳು ಭಾವ."

"ನೀನು ಬರೆದಿದ್ದು ಎಲ್ಲಾನೂ ಸುಳ್ಳು. ಅದ್ರಿಂದಾನೇ ಅಂಗಡಿ ನಡೀತಿರೋದು. ಒಂದನ್ನ ಸುಳ್ಳು ಅಂದ್ರೆ ಉಳಿದಿದ್ದೇನಾಗುತ್ತೆ, ಯೋಚ್ನೆ ಮಾಡಿದೀಯಾ? ವಿಮೆಯವರು ನಾಳೆ ಬೋರ್ಡ್ ಕಿತ್ತು ಕೈಗೆ ಕೊಡ್ತಾರೆ." ತಂಗಿಯ ಕಡೆ ತಿರುಗಿದರು. "ನಿನ್ನ ಗಂಡನಿಗೆ ನೀನಾದ್ರೂ ಬುದ್ಧಿ ಹೇಳು ತಾಯಿ. ಮೂವತ್ತು ವರ್ಷ ಅನ್ನ ಹಾಕಿದ ಜಾಗ."

ಅಣ್ಣ ಹೋದ ಮೇಲೆ ಹೆಂಡತಿ ಪಾತ್ರೆ ತೊಳೆಯುತ್ತಾ ನಿಂತಳು. ಹುಡ್ಡು, ರಕ್ತ ಎಲ್ಲವನ್ನೂ ಮೇಷ್ಟ್ರು ಅವಳಿಗೆ ಹೇಳಿಯಾಗಿತ್ತು. ಮೇಷ್ಟ್ರಿಗೆ ಬೆನ್ನು ಮಾತ್ರ ಕಾಣುತ್ತಿತ್ತು.

"ಅಣ್ಣನ ಅಂಗಡಿ ಮುಚ್ಚಿದ್ರೆ ಅತ್ತಿಗೆ ನನ್ನ ಮುಖ ನೋಡಲ್ಲ," ಎಂದಳು.

"ಹೂಂ."

"ಆ ಹುಡುಗಿಗೆ ಎಷ್ಟು ವಯಸ್ಸು?"

"ಮೂವತ್ತು ಇರಬಹುದು."

"ಆ ರಕ್ತ ಒರೆಸಿದ ಬಟ್ಟೆ ಎಲ್ಲಿ?"

"ಬಿಸಾಕ್ದೆ."

ಅವಳು ನಲ್ಲಿ ನಿಲ್ಲಿಸಿದಳು. "ಹೋಗಿ ಹೇಳಿ," ಎಂದಳು. "ನನ್ನನ್ನ ಕೇಳಿ ಹೋದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

ವಿಚಾರಣೆ ನಡೆದದ್ದು ಸರ್ಕಾರಿ ಕಟ್ಟಡವೊಂದರ ಎರಡನೇ ಮಹಡಿಯ ಕೋಣೆಯಲ್ಲಿ. ಉದ್ದ ಮೇಜು, ತಿರುಗದ ಫ್ಯಾನು, ಒಂದು ತುದಿಯಲ್ಲಿ ನಿದ್ದೆಗಣ್ಣಿನ ವಿಚಾರಣಾಧಿಕಾರಿ. ಇನ್‌ಸ್ಪೆಕ್ಟರು ಇಸ್ತ್ರಿ ಮುರಿಯದ ಅಂಗಿಯಲ್ಲಿ ಗೋಡೆಗೊರಗಿ ಕೂತಿದ್ದರು. ಮೇಷ್ಟ್ರು ಮದುವೆಯ ಕೋಟು ಹಾಕಿಕೊಂಡು ಹೋಗಿದ್ದರು. ಹುಡ್ಡನ್ನು ತೋರಿಸಿ, ಎಸಳು, ಗೆರೆ, ಕುಳಿ ಎಲ್ಲವನ್ನೂ ಗಿರಾಕಿಗೆ ಪಾಠ ಹೇಳುವಂತೆ ಹೇಳಿದರು. ಜೊತೆಗೆ ಬಿದ್ದು ಒಡೆದ ನಾಲ್ಕು ಹುಡ್ ಒಯ್ದಿದ್ದರು, ಹೋಲಿಸಿ ನೋಡಲಿ ಎಂದು. ಅಧಿಕಾರಿ ಎಚ್ಚರಗೊಂಡು ಒಂದೊಂದನ್ನೂ ತಿರುಗಿಸಿ ನೋಡಿದರು. ಹುಡುಗಿ ಒಂದೇ ಕಣ್ಣಿನಿಂದ ಅಧಿಕಾರಿಯ ಬೆರಳುಗಳನ್ನೇ ನೋಡುತ್ತಿದ್ದಳು. ಒಂದು ಗಳಿಗೆ, ಗೆದ್ದೆವೆಂದೇ ಮೇಷ್ಟ್ರಿಗೆ ಅನ್ನಿಸಿತು.

ಇನ್‌ಸ್ಪೆಕ್ಟರ ಕಡೆಯ ವಕೀಲ ಎದ್ದ. ದನಿ ಏರಿಸಲಿಲ್ಲ.

"ಈ ಹುಡ್ ಹನ್ನೊಂದು ದಿನ ಎಲ್ಲಿತ್ತು?"

"ಅಂಗಡಿ ಪೆಟ್ಟಿಗೇಲಿ."

"ಇಂಥ ಎಷ್ಟು ಇದಾವೆ ಅದ್ರಲ್ಲಿ?"

"ಇನ್ನೂರ ಚಿಲ್ರೆ."

"ಇದು ಈಕೆದೇ ಅಂತ ಎಲ್ಲಾದ್ರೂ ಬರೆದಿದೆಯಾ? ಚೀಟಿ ಅಂಟಿಸಿದ್ರಾ?"

"ಬರೆದಿಲ್ಲ. ನನಗೆ ಗೊತ್ತು."

"ನಿಮಗೆ ಗೊತ್ತು." ವಕೀಲ ತಲೆಯಾಡಿಸಿ ಒಂದು ಕಟ್ಟು ಬಿಚ್ಚಿದ. ಭಾವನ ಅಂಗಡಿಯಿಂದ ಬಂದ ಚೀಟಿಗಳು, ನಲವತ್ತು. ಒಂದೊಂದಾಗಿ ಮೇಜಿನ ಮೇಲೆ ಇಸ್ಪೀಟಿನೆಲೆಯಂತೆ ಹಾಸಿದ. ನಲವತ್ತೊಂದನೆಯದಾಗಿ ಹುಡುಗಿಯ ಚೀಟಿ. "ಅಕ್ಷರ ನಿಮ್ದೇನಾ? ಒಂದೊಂದು ಓದಿ. ಕಾರಣದ ಮುಂದೆ ಏನಿದೆ?"

ಮೇಷ್ಟ್ರು ಓದಿದರು. ಆಕಸ್ಮಿಕ. ಆಕಸ್ಮಿಕ. ಏಳನೆಯದಕ್ಕೆ ಚೀಟಿ ಕೆಳಗಿಟ್ಟರು. ವಕೀಲ ನೀರು ಕೊಟ್ಟು, ಮುಂದುವರಿಸಿ ಎಂದ. ನಲವತ್ತೊಂದನ್ನೂ ಓದಿಸಿದ.

"ಇವೆಲ್ಲ ನಿಜಾನಾ?"

"ಅಲ್ಲ. ನೋಡೋಕೆ ಮುಂಚೆನೇ ಬರೀತಿದ್ದೆ. ಎಲ್ರಿಗೂ ಅದೇ ಬರೀತಿದ್ದೆ."

"ಅಂದ್ರೆ ಮೂವತ್ತೊಂದು ವರ್ಷ ಸುಳ್ಳು ಬರೆದ ಮನುಷ್ಯ, ಇವತ್ತೊಂದು ದಿನ ಎದ್ದು ಬಂದು ನಿಜ ಹೇಳ್ತಿದೀನಿ ನಂಬಿ ಅಂತಾನೆ. ಅಲ್ವಾ ಮೇಷ್ಟ್ರೇ?"

ಕೋಣೆಯಲ್ಲಿ ಯಾರೋ ನಕ್ಕರು. ಮೇಷ್ಟ್ರು ಹುಡುಗಿಯ ಕಡೆ ನೋಡಲಿಲ್ಲ.

ತೀರ್ಪು ಒಂದೂವರೆ ಪುಟ. ಸಾಕ್ಷಿಯ ಮಾತು ನಂಬಲರ್ಹವಲ್ಲ, ಘಟನೆಯ ಬೆನ್ನಿಗೇ ಆತನೇ ಬರೆದ ದಾಖಲೆ ಹೆಚ್ಚು ವಿಶ್ವಾಸಾರ್ಹ, ಆದ್ದರಿಂದ ಇದು ಆಕಸ್ಮಿಕ. ದೊಣ್ಣೆ ಹಿಡಿದವನಿಗೆ ಬಡ್ತಿ ತಪ್ಪಲಿಲ್ಲ. ಒಂದು ಕಣ್ಣಿನವಳಿಂದ ಕೆಲಸ ಸಾಗದು ಎಂದು ಪತ್ರಿಕೆಯವರು ಹುಡುಗಿಯನ್ನು ಕಳಿಸಿದರು. ವಿಮೆಯವರು ಭಾವನ ಅಂಗಡಿಯನ್ನು ಪಟ್ಟಿಯಿಂದ ತೆಗೆದರು. ಭಾವ ಮೇಷ್ಟ್ರ ಮೊಟ್ಟೆ ಟ್ರೇ, ಚಿಮಟ, ಸ್ಕ್ರೂಡ್ರೈವರುಗಳನ್ನು ಒಂದು ಗೋಣಿಗೆ ತುಂಬಿ ಮನೆಯ ಹೊಸ್ತಿಲಲ್ಲಿಟ್ಟು ಹೋದರು. ಬಾಗಿಲು ತಟ್ಟಲೂ ಇಲ್ಲ.

ಮೇಷ್ಟ್ರು ಎರಡು ವಾರ ಗೋಡೆ ನೋಡುತ್ತಾ ಮಲಗಿದರು. ಆಮೇಲೊಂದು ಬೆಳಗ್ಗೆ ಹುಡುಗಿ ಬಂದಳು. ಅವಳಿಗೆ ಈಗ ಬೇರೆ ವಕೀಲೆ ಸಿಕ್ಕಿದ್ದರು. ಮೇಲ್ಮನವಿ ಹಾಕಿದ್ದಾರೆ. ವಕೀಲೆ ಹೇಳಿದ್ದು ಇಷ್ಟು: ಆ ಚೀಟಿಯೊಂದೇ ಇನ್‌ಸ್ಪೆಕ್ಟರ ಕಡೆಯವರ ಕೈಯಲ್ಲಿರುವುದು. ಅಂಗಡಿಯಲ್ಲಿ ನೋಡದೆ ಬರೆಯುವ ಪದ್ಧತಿ ಇತ್ತೆಂದು ಮೇಷ್ಟ್ರು ಹೇಳಿದರೆ ಸಾಲದು. ಆ ನಲವತ್ತು ಜನ ಗಿರಾಕಿಗಳು ಬಂದು, ನನ್ನದು ಬಿದ್ದದ್ದಲ್ಲ, ಆದರೂ ಬಿದ್ದದ್ದೆಂದು ಬರೆದುಕೊಟ್ಟರು ಎಂದು ಹೇಳಬೇಕು. ಹತ್ತು ಜನ ಹೇಳಿದರೂ ಚೀಟಿಯ ಬೆಲೆ ರದ್ದಿ ಕಾಗದದ್ದಾಗುತ್ತದೆ.

"ನಲವತ್ತರಲ್ಲಿ ಎಷ್ಟು ನಿಜವಾಗಿ ಬಿದ್ದಿದ್ದು?" ಎಂದು ಕೇಳಿದಳು.

"ಒಂಬತ್ತು," ಎಂದರು ಮೇಷ್ಟ್ರು, ಯೋಚಿಸದೆ. ಎದ್ದು ಕಾಲಿಗೆ ಚಪ್ಪಲಿ ಹಾಕಿಕೊಂಡರು.

ಉಳಿದ ಮೂವತ್ತೊಂದು ಮನೆಗಳಿಗೂ ನಡೆದೇ ಹೋದರು. ಹಲ್ಲಿನ ಡಾಕ್ಟರೊಬ್ಬರು ಬಾಗಿಲಲ್ಲೇ ಗುರುತು ಹಿಡಿದು ನಗುತ್ತಾ ಒಳಗೆ ಕರೆದರು. ಕಾರಿನ ಸೀಟಿನಲ್ಲಿ ತಮ್ಮದೇ ಕ್ಯಾಮೆರಾದ ಮೇಲೆ ಕೂತವರು ಅವರು.

"ಆ ದಿನ ಎಷ್ಟು ನಕ್ಕಿದ್ವಿ ಅಲ್ವಾ ಮೇಷ್ಟ್ರೇ?"

"ಅದನ್ನೇ ಬಂದು ಹೇಳಿ ಡಾಕ್ಟ್ರೇ. ಮೇಲೆ ಕೂತೆ, ಬಿದ್ದಿದ್ದಲ್ಲ ಅಂತ."

ಡಾಕ್ಟರ ನಗು ಮುಖದಲ್ಲೇ ಇತ್ತು, ಕಣ್ಣಿನಿಂದ ಮಾತ್ರ ಹೋಯಿತು. "ಹೇಳ್ಬಹುದು. ಆದ್ರೆ ವಿಮೆಗೆ ಬರ್ಕೊಟ್ಟಿದ್ದೇನು? ನನ್ನ ಮೇಲೆ ನಾನೇ ಚಾಡಿ ಹೇಳ್ಲಾ? ನನಗೂ ಕ್ಲಿನಿಕ್ ಇದೆ, ಹೆಸರಿದೆ."

"ಅವಳಿಗೂ ಎರಡು ಕಣ್ಣಿತ್ತು."

"ಪಾಪ. ನಿಜವಾಗ್ಲೂ ಪಾಪ. ಟೀ ಕುಡೀತೀರಾ?"

ಪಾಪ ಎಂದವರು ಹನ್ನೆರಡು ಜನ. ಊರಲ್ಲಿಲ್ಲ ಎಂದು ಒಳಗಿನಿಂದಲೇ ಹೇಳಿಸಿದವರು ಆರು. ನೆನಪಿಲ್ಲ ಎಂದವರು ಎಂಟು. ಮೇಷ್ಟ್ರನ್ನೇ ಕಳ್ಳ ಎಂದು ಬೈದು ಬಾಗಿಲು ಹಾಕಿಕೊಂಡವರು ಇಬ್ಬರು. ಗಂಡ ಎಸೆದ ಕ್ಯಾಮೆರಾದ ಹೆಂಗಸು ಮಾತ್ರ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡು, ಒಳಗೆ ಹೋಗಿ, ಹಳೆಯ ಡಬ್ಬಿಯಿಂದ ಚೀಟಿ ತಂದಳು.

"ಅವತ್ತು ನೀವು ಕೈಜಾರಿ ಅಂತ ಬರೆದಾಗ ಉಸಿರು ಬಿಟ್ಟಿದ್ದೆ," ಎಂದಳು. "ಮನೆಗೆ ಬಂದ್ಮೇಲೆ ಅವ್ರು ಅದನ್ನೇ ಹಿಡ್ಕೊಂಡ್ರು. ನೋಡು, ಅಂಗಡಿಯವನೂ ನಿನ್ನ ಕೈನೇ ಜಾರಿದ್ದು ಅಂತ ಬರೆದಿದಾನೆ ಅಂತ. ಆರು ವರ್ಷ ಅದನ್ನೇ ಹೇಳಿದ್ರು."

ಮೇಷ್ಟ್ರು ಆ ಮನೆಯ ಹೊಸ್ತಿಲಲ್ಲೇ ಕೂತರು. ಅವಳ ಮಾನ ಉಳಿಸಿದ್ದೇನೆ ಎಂದುಕೊಂಡಿದ್ದರು.

"ಬರ್ತೀನಿ," ಎಂದಳು ಅವಳು. "ಎಲ್ಲಿಗೆ ಬರಬೇಕು ಹೇಳಿ."

ಹೀಗೆ ಒಪ್ಪಿದವರು ಮೂವರು. ಬೇಕಾದದ್ದು ಹತ್ತು. ಮೇಷ್ಟ್ರ ಚಪ್ಪಲಿಯ ಅಟ್ಟೆ ಹರಿದಿದೆ, ಅದೇ ಮನೆಗಳಿಗೆ ಎರಡನೇ ಸುತ್ತು ಹೊರಟಿದ್ದಾರೆ. ಹುಡುಗಿ ಎಡಗಣ್ಣಿನಿಂದ ಕ್ಯಾಮೆರಾ ನೋಡುವುದನ್ನು ಕಲಿಯುತ್ತಿದ್ದಾಳೆ. ದೂರ ಹತ್ತಿರ ಇನ್ನೂ ಅಳತೆಗೆ ಸಿಗುತ್ತಿಲ್ಲ, ತೆಗೆದದ್ದರಲ್ಲಿ ಅರ್ಧ ಮಸುಕು.

ಈಗ ನಿಮ್ಮ ಮಾತು. ಆ ಮೂವತ್ತೊಂದು ಜನರಲ್ಲಿ ನೀವೊಬ್ಬರು. ಹೌದೋ ಅಲ್ಲವೋ ಎಂದು ಎಣಿಸುತ್ತಾ ಕೂರಬೇಡಿ. ಮನೆಯ ಯಾವುದೋ ಡ್ರಾಯರಿನಲ್ಲಿ, ನಿಮಗೆ ಅನುಕೂಲವಾಗಲೆಂದು ಯಾರೋ ಒಳ್ಳೆಯವರು ಬರೆದುಕೊಟ್ಟ ಸುಳ್ಳಿನ ಚೀಟಿ ನಿಮ್ಮ ಸಹಿಯೊಂದಿಗೆ ಇದ್ದೇ ಇದೆ. ಅದರ ನೆರಳಲ್ಲಿ ಯಾರು ದೊಣ್ಣೆ ಬಚ್ಚಿಟ್ಟಿದ್ದಾರೆಂದು ನೀವು ಕೇಳಿಲ್ಲ. ಮೇಲ್ಮನವಿ ಹತ್ತನೇ ತಾರೀಕು, ಬೆಳಗ್ಗೆ ಹನ್ನೊಂದಕ್ಕೆ, ಅದೇ ಕಟ್ಟಡದ ಎರಡನೇ ಮಹಡಿ. ಪಾಪ ಎನ್ನಬೇಡಿ. ಟೀ ಕೊಡಬೇಡಿ. ಎದ್ದು ಡ್ರಾಯರು ತೆಗೆಯಿರಿ, ಚೀಟಿ ಹಿಡಿದು ಬನ್ನಿ, ನಿಮ್ಮ ಕ್ಯಾಮೆರಾ ನಿಜವಾಗಿ ಹೇಗೆ ಒಡೆಯಿತು ಎಂದು ಎಲ್ಲರೆದುರು ಹೇಳಿ.